ಲಿಫ್ಟಿಗೆ ಬೀಗ ಹಾಕಿದ ವರ

ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ವಯಸ್ಸು ನಲವತ್ತೆರಡಾದರೂ ಮದುವೆಯಾಗಿರಲಿಲ್ಲ. ಸಂಬಂಧಗಳು ಬರಲಿಲ್ಲ ಎಂದಲ್ಲ, ಬಂದವರ ಮುಂದೆ ಇವನು ಬಾಯಿ ಬಿಡುತ್ತಿದ್ದ. ಒಬ್ಬರು ತಮ್ಮ ಹೊಸ ಮನೆ ತೋರಿಸಿ ಹೇಗಿದೆ ಎಂದು ಕೇಳಿದರೆ, "ಮೆಟ್ಟಿಲು ಒಂದೇ ಎತ್ತರ ಇಲ್ಲ, ಯಾರಾದ್ರೂ ಬೀಳ್ತಾರೆ" ಎಂದು ಹೇಳಿ ಬಂದ. ಆ ಸಂಬಂಧ ಅದೇ ಮೆಟ್ಟಿಲಿನಲ್ಲಿ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನೂ ಕೈಚೆಲ್ಲಿದ್ದೆ.

ಕೆಲಸದಲ್ಲೂ ಹೀಗೇ. ರಿಪೇರಿ ಮುಗಿದ ಮೇಲೆ ತಾನೊಬ್ಬನೇ ಮೂರು ಸಲ ಮೇಲೆ ಕೆಳಗೆ ಓಡಾಡದೆ ಒಂದು ನರಪಿಳ್ಳೆಯನ್ನೂ ಲಿಫ್ಟಿನೊಳಗೆ ಬಿಡುವುದಿಲ್ಲ. ಬೀಗ ಹಾಕಿದನೆಂದರೆ ಕಟ್ಟಡದ ಮಾಲೀಕರೇ ಬಂದು ಗದರಿದರೂ ತೆಗೆಯುವುದಿಲ್ಲ.

ಕೊನೆಗೂ ಇವನನ್ನು ಮೆಚ್ಚಿದ ಒಬ್ಬ ಟೀಚರ್ ಸಿಕ್ಕಿದ್ದು ಒಂದು ಕೆಟ್ಟ ಲಿಫ್ಟಿನಿಂದಲೇ. ಅವರು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾರೆ, ಆರನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಒಂದು ಮಧ್ಯಾಹ್ನ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರು. ಬೇರೆ ಯಾರಾದರೂ ಆಗಿದ್ದರೆ "ಎರಡೇ ನಿಮಿಷ" ಎನ್ನುತ್ತಿದ್ದರು. ಇವನು ಮೇಲಿನಿಂದ ಕೂಗಿದ್ದು, "ಅರ್ಧ ಗಂಟೆ ಆಗುತ್ತೆ. ನಿಂತು ಕಾಲು ನೋಯಿಸ್ಕೋಬೇಡಿ, ಕೂತ್ಕೊಳ್ಳಿ." ಸರಿಯಾಗಿ ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಟೀಚರ್ ಬಿಟ್ಟುಬಂದ ಗಂಡ ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ. ಹೂಂ ಎನ್ನುವುದರಲ್ಲಿ ಎತ್ತಿದ ಕೈ, ಮಾಡುವುದರಲ್ಲಿ ಸೊನ್ನೆ, ಬೇಜಾರಾಗುತ್ತದೆಂದು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಹನ್ನೊಂದು ವರ್ಷ ಆ ಹೂಂ ನಂಬಿ ಸೋತವರಿಗೆ ಈ ಅರ್ಧ ಗಂಟೆ ಅಮೃತದಂತೆ ಕಂಡಿರಬೇಕು. ಎಂಟು ತಿಂಗಳಲ್ಲಿ ಮಾತು ಮದುವೆಯವರೆಗೆ ಬಂತು.

ಎರಡೂ ಮನೆಯವರು ಭಾನುವಾರ ನಾಲ್ಕು ಗಂಟೆಗೆ ಟೀಚರ್ ಮನೆಯಲ್ಲಿ ಸೇರುವುದೆಂದಾಯಿತು. ಟೀಚರ್‌ಗೆ ಇರುವುದು ಒಬ್ಬರೇ ಅಣ್ಣ, ತಂದೆಯ ಜಾಗದಲ್ಲಿ ನಿಂತು ಬೆಳೆಸಿದವರು. ಹೃದಯದ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತುವಂತಿಲ್ಲ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ ನೋಡಿದರೆ, ಲಿಫ್ಟಿಗೆ ಬೀಗ! ಪಕ್ಕದಲ್ಲಿ ಟೀಚರ್ ಅಣ್ಣ ಗೋಡೆಗೆ ಕೈ ಕೊಟ್ಟು ನಿಂತಿದ್ದಾರೆ, ಮುಖ ಕೆಂಪಗಾಗಿದೆ. ಹಾಕಿದವರು ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ನನ್ನ ತಮ್ಮ ಮೇಲಿನ ಮಷೀನ್ ರೂಮಿನಿಂದ ಗ್ರೀಸ್ ಕೈಯಲ್ಲೇ ಇಳಿದು ಬಂದ. ಬೆಳಿಗ್ಗೆ ಒಂದು ಸಲ ನೋಡಿಬಿಡೋಣ ಎಂದು ಹೋದವನಿಗೆ ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗದ ಎಳೆಗಳು ಕಿತ್ತುಹೋಗಿರುವುದು ಕಂಡಿತ್ತಂತೆ.

"ಒಂದೇ ಒಂದು ಸಲ ತೆಗಿಯೋ, ಇವರೊಬ್ಬರನ್ನ ಮೇಲೆ ಬಿಟ್ಟು ಮತ್ತೆ ಬೀಗ ಹಾಕ್ಕೋ" ಎಂದೆ.

"ಆಗಲ್ಲ ಅಕ್ಕ."

ಅಷ್ಟರಲ್ಲಿ ಟೀಚರ್ ಆರು ಮಹಡಿ ಇಳಿದು ಏದುಸಿರು ಬಿಡುತ್ತ ಬಂದರು. "ಬೀಗ ತೆಗೀರಿ ಅಂತ ಫೋನಲ್ಲಿ ಅಷ್ಟು ಕೇಳ್ಕೊಂಡೆ. ನನ್ನ ಮಾತಿಗೂ ಬೆಲೆ ಇಲ್ವಾ?"

"ನಿಮ್ಮ ಮಾತಿಗೆ ಬೆಲೆ ಇದೆ ಟೀಚರ್. ಹಗ್ಗಕ್ಕೆ ಅದು ಗೊತ್ತಾಗಲ್ವಲ್ಲ."

ಅವರ ಅಣ್ಣ ಕಾರಿನ ಕೀಲಿ ತೆಗೆದರು. "ಬಾಮ್ಮಾ, ಹೋಗೋಣ. ಈಗ್ಲೇ ನಿನ್ನ ಮಾತು ನಡೀದಿದ್ರೆ ಮುಂದೇನು ನಡಿಯುತ್ತೆ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ತಮ್ಮನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಜೊತೆಗೆ, ಹೇಳಲು ನಾಚಿಕೆ, ಒಳಗೊಳಗೇ ಹೆಮ್ಮೆಯೂ ಆಯಿತು.

ಟೀಚರ್ ಹೋಗಲಿಲ್ಲ. ಕೊನೆಯ ಮೆಟ್ಟಿಲಿನ ಮೇಲೆ ಕೂತು ಕೇಳಿದರು, "ಹಗ್ಗ ಕಿತ್ತೋಗಿರೋದು ಎಷ್ಟು ಗಂಟೆಗೆ ಗೊತ್ತಾಯ್ತು?"

"ಒಂಬತ್ತಕ್ಕೆ."

"ನಾನು ಮೂರೂವರೆಗೆ ಫೋನ್ ಮಾಡೋವರೆಗೂ ಯಾಕೆ ಹೇಳ್ಲಿಲ್ಲ?"

ಇವನು ಕೈಯ ಗ್ರೀಸು ನೋಡಿಕೊಂಡ. "ಅಷ್ಟರಲ್ಲಿ ಬೇರೆ ಹಗ್ಗ ಸಿಗಬಹುದು ಅಂದ್ಕೊಂಡೆ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

"ಬೀಗ ತೆಗಿಯಲ್ಲ ಅಂದಿದ್ದಕ್ಕೆ ಈಗ ಕೋಪ ಇಲ್ಲ. ಅದು ಸರಿ. ಆದ್ರೆ ನನಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕೊಂಡಿರೋ ಗಂಡನ್ನ ನಾನು ಒಂದು ಸಲ ನೋಡಿ ಆಗಿದೆ. ಇನ್ನೊಂದು ಸಲ ಆಗಲ್ಲ."

ನನ್ನ ತಮ್ಮ ಯಾವ ಯಜಮಾನನ ಎದುರೂ ತಲೆ ತಗ್ಗಿಸಿದವನಲ್ಲ. ಅವತ್ತು ತಗ್ಗಿಸಿದ. "ತಪ್ಪಾಯ್ತು" ಎಂದ. ನಲವತ್ತೆರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನಾನೇ ವಾಚ್‌ಮನ್ ಕೋಣೆಯಿಂದ ಕುರ್ಚಿ ಎಳೆದು ತಂದೆ. ಟೀಚರ್ ಅಣ್ಣ ಬೇಡ ಬೇಡ ಎನ್ನುತ್ತಲೇ ಕೂತರು. ಕೋಪ ಇನ್ನೂ ಇಳಿದಿರಲಿಲ್ಲ.

"ಹೊಸ ಹಗ್ಗ ಯಾವಾಗ ಬರುತ್ತಪ್ಪಾ?" ಎಂದು ಬಿಗಿದ ಮುಖದಲ್ಲೇ ಕೇಳಿದರು.

"ಗುರುವಾರ ಅಂದಿದ್ದಾರೆ."

"ಅಂದಿದ್ದಾರೆ ಸರಿ. ಬರದೇ ಇದ್ರೆ?"

ತಮ್ಮ ಅವರ ಕಡೆ ತಿರುಗಲಿಲ್ಲ. ಟೀಚರ್ ಮುಖ ನೋಡಿ ಹೇಳಿದ, "ಬರಲ್ಲ ಅಂತಾದ್ರೆ ಬುಧವಾರಾನೇ ಹೇಳ್ತೀನಿ."

ಟೀಚರ್ ಅಣ್ಣ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.