ಚಂದ್ರಿಕೆ ಕೊಟ್ಟವರು, ತಂದವರು

ನನ್ನ ತಂಗಿಯ ಮಗಳು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಾಳೆ. ರಾಜರ ಕಥೆಯಲ್ಲ; ನಮ್ಮ ಅಕ್ಕೂರಿನಲ್ಲಿ ಹಿಂದೆ ಯಾವ ಮನೆಗೆ ಯಾವ ಮನೆಯ ಜೊತೆ ಎಂಥ ನಂಟಿತ್ತು ಎನ್ನುವುದು. ಒಂದು ಮನೆಗೆ ಒಂದು ಚುಕ್ಕೆ, ಸಾಮಾನು ಎರವಲು ಕೊಟ್ಟ ಮನೆಯಿಂದ ತಂದ ಮನೆಗೆ ಒಂದು ಬಾಣ. ಎಲ್ಲ ಕಂಪ್ಯೂಟರಿಗೆ ಹಾಕಿದರೆ ನಂಟಿನ ನಕ್ಷೆ ಮೂಡುತ್ತದಂತೆ. ಯಾವುದರ ಲೆಕ್ಕ ಹಿಡಿಯಲಿ ಎಂದಾಗ ಚಂದ್ರಿಕೆ ಎಂದವಳು ನಾನೇ. ರೇಷ್ಮೆ ಹುಳು ಹಣ್ಣಾದರೆ ಕಾಯುವುದಿಲ್ಲ. ಗೂಡು ಕಟ್ಟಲು ಆವತ್ತೇ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಚಂದ್ರಿಕೆ ಸಾಲದೆ ಹೋದರೆ ಇನ್ನೊಬ್ಬರ ಮನೆಗೆ ಓಡಲೇಬೇಕು.

ಮನೆಮನೆಗೆ ಅವಳನ್ನು ಕರೆದುಕೊಂಡು ಹೋದೆ. ಎಲ್ಲ ಕಡೆಯೂ ಕಾಫಿ ಆಯಿತು. ಬೀದಿಯ ಕೊನೆಯ ಹೆಂಚಿನ ಮನೆ ನನ್ನ ವಾರಗಿತ್ತಿಯದು. ಆಸ್ತಿ ಭಾಗವಾದಾಗ ಬಾವಿ ನೀರಿನ ಜಗಳಕ್ಕೆ ಮಾತು ಬಿಟ್ಟವರು, ಬಿಟ್ಟೇ ಇದ್ದೆವು.

"ಆ ಮನೆ, ದೊಡ್ಡಮ್ಮ?"

"ಅವ್ರು ಯಾರ್ ಜತೆಗೂ ಸೇರಕಿಲ್ಲ, ಬಾ."

"ನಿಮಗೆ ಚಂದ್ರಿಕೆ ಯಾರು ಕೊಡ್ತಿದ್ರು?"

"ನಮ್ಮವೇ ಇದ್ವು," ಅಂದುಬಿಟ್ಟೆ.

ನಕ್ಷೆ ಮುಗಿದ ದಿನ ಅದನ್ನು ಜಗಲಿಯ ಮೇಲೆ ಹರಡಿದಳು. ನಟ್ಟನಡುವೆ, ಎಲ್ಲಕ್ಕಿಂತ ಹೆಚ್ಚು ಬಾಣ ಹೊರಟ ದಪ್ಪ ಚುಕ್ಕೆ ನಮ್ಮ ಮನೆ. ನಾನು ಒಳಗೊಳಗೇ ಹಿಗ್ಗಿದೆ. ಸೊಪ್ಪು ಸೋಸುತ್ತಾ ಕೂತಿದ್ದ ಪಕ್ಕದ ಮನೆಯ ಅಜ್ಜಿ ಬಗ್ಗಿ ನೋಡಿ ನಕ್ಕಿತು.

"ಏನವ್ವಾ, ಊರೆಲ್ಲಾ ನಿಮ್ ಮನೇಗೇ ಬಂದು ಕೂತ್ಕಂಡೈತೆ! ನಿನ್ನ ವಾರಗಿತ್ತಿ ಮನೆ ಎಲ್ಲೋಯ್ತು? ಅಟ್ಟದ್ ತುಂಬಾ ಚಂದ್ರಿಕೆ ಮಡಗಿದ್ದೋಳು ಅವಳು ಕಣೇ. ನೀನ್ ಎದುರಿಗೆ ಕೂತಿದ್ರೆ ಅವಳ ಸುದ್ದಿ ಯಾರ್ ಎತ್ತಾರು?"

ಹುಡುಗಿ ನನ್ನ ಮುಖ ನೋಡಲಿಲ್ಲ. "ಆ ಮನೆ ಬಿಟ್ರೆ ನಕ್ಷೆನೇ ಸುಳ್ಳಾಗತ್ತೆ ದೊಡ್ಡಮ್ಮ. ನನ್ನ ಗೈಡಿಗೆ ಹೇಗೆ ಕೊಡ್ಲಿ? ನಾನೊಬ್ಳೇ ಹೋಗಿ ಬರ್ಲಾ?"

ಅಷ್ಟು ದೂರದಿಂದ ಬಸ್ಸಿನಲ್ಲಿ ಓಡಾಡಿದ ಮಗು. ಸೆರಗು ಸರಿಮಾಡಿಕೊಂಡು ಜೊತೆಗೆ ಹೊರಟೆ.

ವಾರಗಿತ್ತಿ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಬಾ ಮಗ," ಎಂದು ಹುಡುಗಿಯನ್ನು ಕರೆದಳು. ಚಾಪೆಯನ್ನು ನನ್ನತ್ತ ತಳ್ಳಿದಳು. ಕೇಳಿದ್ದಕ್ಕೆಲ್ಲ ನಿಧಾನವಾಗಿ ನೆನೆಸಿಕೊಂಡು ಹೇಳಿದಳು. ನಾವು ಕಾಫಿ ಕುಡಿದ ಮನೆಗಳೇ ಅವಳ ಬಾಯಲ್ಲಿ ಒಂದೊಂದಾಗಿ ಬಂದವು. ಅವರಲ್ಲಿ ಯಾರೂ ನನ್ನೆದುರು ಇವಳ ಹೆಸರು ಹೇಳಿರಲಿಲ್ಲ.

"ನಮ್ಮ ದೊಡ್ಡಮ್ಮನ ಮನೆಗೆ?" ಎಂದಳು ಹುಡುಗಿ.

ವಾರಗಿತ್ತಿ ನನ್ನತ್ತ ಒಮ್ಮೆ ನೋಡಿ ಮತ್ತೆ ಕಾಯಿಗೆ ಕೈಹಾಕಿದಳು. "ಅವ್ರಿಗ್ಯಾಕವ್ವ? ಅವ್ರತ್ರ ಇದ್ವಲ್ಲ."

ಇರಲಿಲ್ಲ. ಭಾಗವಾದ ಮೇಲಿನ ನಮ್ಮ ಮೊದಲ ಬೆಳೆಯಲ್ಲಿ ಹುಳು ಒಟ್ಟಿಗೆ ಹಣ್ಣಾಗಿ, ನಾನು ದಿಕ್ಕುತೋಚದೆ ನಿಂತಿದ್ದಾಗ, ಇವಳೇ ಚಂದ್ರಿಕೆಗಳನ್ನು ಹೊತ್ತು ತಂದು ನಮ್ಮ ಗೋಡೆಗೆ ಒರಗಿಸಿ, ಮಾತಾಡದೆ ಹೋಗಿದ್ದಳು. ಗೂಡು ಬಿಡಿಸಿದ ಮೇಲೆ ನಾನು ಅವನ್ನು ಆಳಿನ ಕೈಲಿ ವಾಪಸ್ ಕಳಿಸಿದ್ದೆ.

"ಇಲ್ಲ, ಬರ್ಕೋ," ಅಂದೆ. "ಈ ಮನೆಯಿಂದ ನಮ್ಮನೆಗೆ."

"ಬುಡು ಮಗ, ಅದನ್ನೆಲ್ಲಾ ಯಾಕ್ ಬರೀತೀಯೆ," ಎಂದಳು ವಾರಗಿತ್ತಿ.

ಹುಡುಗಿ ಬರೆದಳು. ಆಮೇಲೆ ತನ್ನ ಕೆಲಸದ ಅಭ್ಯಾಸದಂತೆ ನನ್ನನ್ನು ಕೇಳಿದಳು: "ನೀವು ಇವರಿಗೆ ಕೊಟ್ಟಿದ್ದು ಏನಾದ್ರೂ ಇದ್ಯಾ ದೊಡ್ಡಮ್ಮ?"

ವಾರಗಿತ್ತಿ ಅವರೆಕಾಯಿ ಬಿಟ್ಟು ತಲೆಯೆತ್ತಿದಳು. ಎಷ್ಟು ಯೋಚಿಸಿದರೂ ನನಗೆ ಒಂದೂ ಸಿಗಲಿಲ್ಲ.