ಯಾರಿಗೂ ಕಾಣದ ಗಂಟು

ನನ್ನ ಕಾರಣದಿಂದ ನರಗುಂದದ ಒಂದು ಸಂಸಾರ ಎರಡು ತಿಂಗಳು ದಿನಾ ಸಂಜೆ ಅರ್ಧ ತಾಸು ಕತ್ತಲಲ್ಲಿ ಕೂತಿತು. ಅವರು ನಮ್ಮ ಕೆಳಗಿನ ಮನೆಯವರು: ಕಾಳಿನ ವ್ಯಾಪಾರದ ಕಾಕಾ, ಅವರ ಹೆಂಡತಿ ಕಾಕು ಮತ್ತು ಮಗಳು. ತಪ್ಪು ತಮ್ಮ ಮನೆಯ ಬಲ್ಬುಗಳದು ಎಂದು ಅವರು ನಂಬಿದ್ದರು. ತಪ್ಪು ನಾನು ಹಾಕಿದ ಒಂದು ಗಂಟಿನದು.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆಮೇಲೆ ಗಜೇಂದ್ರಗಡದ ನಮ್ಮ ಮನೆಯ ಮಗ್ಗದ ಮುಂದೆ ಕೂತೆ. ತಮ್ಮ ಓದಿದ, ನರಗುಂದದಲ್ಲಿ ಪಂಪ್‌ಸೆಟ್ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಎಂಟು ದಿನ ಇದ್ದು ಅವನಿಗೆ ಅಡುಗೆ ಕಲಿಸಿ ಬರೋಣ ಎಂದು ಬಂದವಳು ನಾನು. ಮೂರು ವರ್ಷವಾಯಿತು. ಅವನಿನ್ನೂ ಕಲಿತಿಲ್ಲ, ನಾನಿನ್ನೂ ಹೋಗಿಲ್ಲ.

ತಮ್ಮನಿಗೆ ಶಾರ್ಟ್‌ವೇವ್ ರೇಡಿಯೋ ಹುಚ್ಚು. ದೂರದ ದೇಶದ ಕೇಂದ್ರಗಳನ್ನು ಹಿಡಿದು, ಏನು ಕೇಳಿಸಿತು, ಎಷ್ಟು ಸ್ಪಷ್ಟವಾಗಿತ್ತು ಎಂದು ಬರೆದು ಕಳಿಸುತ್ತಾನೆ. ಕೇಂದ್ರದವರು ತಿರುಗಿ ಚಿತ್ರದ ಕಾರ್ಡು ಕಳಿಸುತ್ತಾರೆ. ನಮ್ಮ ಗೋಡೆಯ ಮೇಲೆ ದೇವರ ಫೋಟೋಗಳಿಗಿಂತ ಕಾರ್ಡುಗಳೇ ಹೆಚ್ಚು.

“ಇದೆಲ್ಲಾ ಮೊಬೈಲಿನ್ಯಾಗ ಬರ್ತೈತಲ್ರೀ ರೇಡಿಯೋ ಸಾಹೇಬ್ರ,” ಎಂದು ಕಾಕಾ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಕೆಣಕುತ್ತಿದ್ದರು.

“ಮೊಬೈಲಿನ್ಯಾಗ ತಾನಾ ಬರ್ತೈತ್ರಿ ಕಾಕಾ. ಇದನ್ನ ಹಿಡೀಬೇಕು.”

“ಹಂಗಾರ ಒಂದ ಹಿಡದು ನಮಗೂ ಕೊಡ್ರಿ. ಸಾರಿಗೆ ಹಾಕೋಣು.”

ಅಪಾರ್ಟ್‌ಮೆಂಟಿನ ಗೋಡೆಯೊಳಗೆ ಕಬ್ಬಿಣವಿರುವುದರಿಂದ ರೇಡಿಯೋ ಒಳಗೆ ಸರಿಯಾಗಿ ಕೇಳುವುದಿಲ್ಲವಂತೆ. ಹೊರಗೆ ಒಂದು ತಂತಿ ಎಳೆಯಬೇಕು. ಆದರೆ ಕಟ್ಟಡದ ಮಾಲೀಕರಿಗೆ ತಂತಿ ಕಂಡರೆ ಆಗುವುದಿಲ್ಲ. ಅವರು ರೋಣದಲ್ಲಿದ್ದಾರೆ, ತಿಂಗಳಿಗೊಮ್ಮೆ ಬಂದು ಗೋಡೆಗೆ ಯಾರು ಮೊಳೆ ಹೊಡೆದಿದ್ದಾರೆ ಎಂದು ನೋಡಿ ಹೋಗುತ್ತಾರೆ. ಅದಕ್ಕೆ ತಮ್ಮ ಉಪಾಯ ಮಾಡಿದ. ವೈಂಡಿಂಗ್ ಮೇಸ್ತ್ರಿಯ ಹತ್ತಿರ ಫ್ಯಾನಿಗೆ ಸುತ್ತುವ ತಾಮ್ರದ ತಂತಿ ತಂದ. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದರ ಒಂದು ತುದಿಯನ್ನು ರೇಡಿಯೋಕ್ಕೆ ಸಿಕ್ಕಿಸಿ, ಕಿಟಕಿಯಿಂದ ಹೊರಗೆ ತಂದು, ಬಾಲ್ಕನಿಯ ಮಾಡಿನ ಗುಂಟ ಹಾಯಿಸಿ, ಮಾಳಿಗೆಯ ಮೂಲೆಯವರೆಗೆ ಎಳೆದ. ನಡುನಡುವೆ ಹಳೆಯ ಪೆನ್ನಿನ ತುಂಡುಗಳ ಆಸರೆ. ಮಾಲೀಕರು ಅದರ ಕೆಳಗೇ ನಿಂತು ಚಹಾ ಕುಡಿದು ಹೋದರು.

“ಅಕ್ಕಾ, ಇದನ್ನೊಂದ ಮುಟ್ಟಬ್ಯಾಡ,” ಎಂದ ತಮ್ಮ.

ನಾನೂ ಮುಟ್ಟಲಿಲ್ಲ. ಮುಟ್ಟಿದ್ದು ಕಸಬರಿಗೆ. ಯುಗಾದಿ ಹತ್ತಿರ ಬಂದಿತ್ತು. ಕೋಲಿಗೆ ಕಸಬರಿಗೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ಜೇಡರ ಬಲೆ ಹೊಡೆಯುತ್ತಿದ್ದೆ. ಜೇಡ ನೇಯ್ದದ್ದು ಯಾವುದು, ತಮ್ಮ ಎಳೆದದ್ದು ಯಾವುದು ಎಂದು ಆ ಬಿಸಿಲಿನಲ್ಲಿ ತಿಳಿಯಲಿಲ್ಲ. ಟಣ್ ಎಂದಿತು. ಕಿಟಕಿಯಿಂದ ಒಂದು ಮೊಳ ದೂರದಲ್ಲಿ ತಂತಿ ಕಡಿದಿತ್ತು.

ಆಗ ನಾನು ಹೆದರಲಿಲ್ಲ. ಕಡಿದ ಎಳೆಯನ್ನು ಕಂಡು ಹೆದರುವವರು ಮಗ್ಗಕ್ಕೆ ಕೂಡಬಾರದು. ನಮ್ಮಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆ ಕಡಿದರೆ ಎರಡೂ ತುದಿ ಸೇರಿಸಿ ಬೆರಳಲ್ಲಿ ಹೊಸೆದು ಕೂಡಿಸುತ್ತೇವೆ. ಅಪ್ಪ ಸೀರೆ ಮಡಿಸುವ ಮುಂಚೆ ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಗಂಟು ಬೆರಳಿಗೆ ಸಿಕ್ಕರೆ ಆ ಹೊತ್ತು ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನಾನು ಕೂಡಿಸಿದ ಎಳೆ ಅಪ್ಪನ ಬೆರಳಿಗೆ ಒಮ್ಮೆಯೂ ಸಿಕ್ಕಿಲ್ಲ. ಹಾಗೆಯೇ ತಂತಿಯನ್ನೂ ಕೂಡಿಸಿದೆ. ಕೂಡಿಸಿ, ಕೆಳಗೆ ನಿಂತು ನೋಡಿದೆ. ನನಗೇ ಕಾಣಲಿಲ್ಲ. ಖುಷಿಯಾಯಿತು.

ಸಂಜೆ ತಮ್ಮ ರೇಡಿಯೋ ಹಚ್ಚಿದ. ಗುಂಯ್ ಎಂದಿತು. ಅದರ ಹೊರತು ಏನೂ ಇಲ್ಲ.

ಮೊದಲ ವಾರ ಅವನು ಸೂರ್ಯನನ್ನು ಬೈದ. ಸೂರ್ಯನ ಮೇಲೆ ಕಲೆ ಎದ್ದರೆ ಹೀಗಾಗುತ್ತದಂತೆ. ಎರಡನೆಯ ವಾರ ನರಗುಂದದ ಗುಡ್ಡವನ್ನು ಬೈದ.

“ಗುಡ್ಡ ಅಡ್ಡ ಬರಾಕತ್ತೈತ್ರಿ ಕಾಕಾ.”

“ಯಾಕ್ರೀ, ಗುಡ್ಡ ನಿನ್ನೆ ಬಂದು ಕುಂತೈತೇನು?” ಎಂದರು ಕಾಕಾ.

ತಂತಿಯನ್ನೂ ಪರೀಕ್ಷೆ ಮಾಡಿದ. ಸ್ಟೂಲು ಹತ್ತಿ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. “ತಂತಿ ಒಂದೇ ಎಳಿ ಐತಿ,” ಎಂದು ಇಳಿದ. ಆಗಲೇ ಹೇಳಬೇಕಿತ್ತು. ಆದರೆ ಅಪ್ಪನ ಹೆಬ್ಬೆರಳನ್ನು ಗೆದ್ದಷ್ಟೇ ಸಂತೋಷ ನನಗೆ. ಕೂಡಿಸಿದ ಎಳೆ ಕೂಡಿದಂತೆಯೇ ಅಲ್ಲವೇ ಎಂದೂ ಅಂದುಕೊಂಡೆ.

ಮೂರನೆಯ ವಾರ ಅವನು ಮೊಬೈಲಿನಲ್ಲಿ ಏನೋ ಓದಿದ. ಈಗಿನ ಎಲ್‌ಇಡಿ ಬಲ್ಬುಗಳು ರೇಡಿಯೋವನ್ನು ಕೆಡಿಸುತ್ತವಂತೆ. ನಮ್ಮ ಮನೆಯ ಬಲ್ಬುಗಳನ್ನು ಆರಿಸಿದ, ಗುಂಯ್ ನಿಲ್ಲಲಿಲ್ಲ. ಕೆಳಗಿಳಿದು ಹೋದ. ಏಳೂವರೆಯಿಂದ ಎಂಟರವರೆಗೆ ದೀಪ ಆರಿಸಬೇಕೆಂದು ಕಾಕಾನವರನ್ನು ಕೇಳಿಕೊಂಡ. ಅವರು ಹ್ಞೂಂ ಅಂದುಬಿಟ್ಟರು. ಇಲ್ಲ ಎನ್ನುವ ಜನರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಂದಿನಿಂದ ಏಳೂವರೆಗೆ ಕೆಳಗೆ ಕತ್ತಲು. ಕಾಕಾ ಊಟ ಮಾಡುವ ಹೊತ್ತೂ ಅದೇ. ಒಂದು ದಿನ ಬೆಂಡೆಕಾಯಿ ಎಂದು ಹಸಿಮೆಣಸಿನಕಾಯಿ ಕಚ್ಚಿದರು. ಅವರು ಕೂಗಿದ್ದು ನಮಗೆ ಕೇಳಿಸಿತು, ರೇಡಿಯೋದಲ್ಲಿ ಮಾತ್ರ ಏನೂ ಕೇಳಿಸಲಿಲ್ಲ. ಕಾಕುವಿಗೆ ಮಂಚದ ಕಾಲು ಬಡಿದು ಮೊಣಕಾಲು ಊದಿತು.

“ನಿಮ್ಮ ತಮ್ಮಗ ಕೇಳಿಸಿದ್ರ ಸಾಕ ತಂಗೀ,” ಎಂದಳು ಕಾಕು, ಮೊಣಕಾಲಿಗೆ ಅರಿಸಿನ ಹಚ್ಚಿಕೊಳ್ಳುತ್ತ.

ಅಷ್ಟರಲ್ಲಿ ನಮ್ಮ ಮಿಕ್ಸರ್ ಸುಟ್ಟಿತು. ಅದನ್ನು ವೈಂಡಿಂಗ್ ಮೇಸ್ತ್ರಿಯ ಅಂಗಡಿಗೆ ಒಯ್ದೆ. ಅವನು ಎರಡು ತಂತಿ ಜೋಡಿಸುವ ಮುಂಚೆ ತುದಿಗಳನ್ನು ಬ್ಲೇಡಿನಿಂದ ಕೆರೆಯುತ್ತಿದ್ದ. ಒಳ್ಳೆಯ ಎಳೆಯನ್ನು ಹೀಗೇಕೆ ಕೆಡಿಸುತ್ತಾನೆ ಎಂದು ನನಗೆ ಕೆಡುಕೆನಿಸಿ ಕೇಳಿದೆ.

“ಮ್ಯಾಲ ವಾರ್ನಿಶ್ ಇರ್ತೈತ್ರಿ ಅಕ್ಕಾರ. ಕೆರೀದ ಎಷ್ಟ ಚಂದ ಜೋಡಿಸಿದ್ರೂ ಕರೆಂಟ್ ದಾಟೂದಿಲ್ಲ. ನೋಡಾಕ ಒಂದ, ಒಳಗ ಎರಡ.”

ಮಿಕ್ಸರನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ತಮ್ಮನ ಶೇವಿಂಗ್ ಬ್ಲೇಡು ತೆಗೆದುಕೊಂಡು ಸ್ಟೂಲು ಹತ್ತಿದೆ. ಗಂಟು ಬಿಚ್ಚಿ, ತುದಿ ಕೆರೆದು, ಮತ್ತೆ ಹೊಸೆದೆ. ಕೆರೆದಲ್ಲಿ ತಾಮ್ರ ಹೊಳೆಯುತ್ತಿತ್ತು. ಅದರ ಮೇಲೆ ಕಂದು ಬಣ್ಣದ ನೇಲ್ ಪಾಲಿಶ್ ಬಳಿದೆ. ಅದು ಕಾಕುವಿನ ಮಗಳು ನನಗೆ ಪ್ರೀತಿಯಿಂದ ಕೊಟ್ಟ ಶೀಶೆ.

ಅಂದು ಸಂಜೆ ರೇಡಿಯೋ ಬಾಯಿಬಿಟ್ಟಿತು. ಯಾವುದೋ ದೇಶದ ಹೆಣ್ಣುಮಗಳು ನಮ್ಮ ಕೋಣೆಯಲ್ಲಿ ಕೂತಂತೆ ಮಾತಾಡಿದಳು. ತಮ್ಮ ಕುಣಿದ, ಓಡಿ ಕೆಳಗೆ ಹೋದ. ನಾನು ದೇವರಿಗೆ ಕೈಮುಗಿದೆ, ಆದರೆ ಕೈಮುಗಿದದ್ದು ಸ್ವಲ್ಪ ಬೇಗವಾಯಿತು. ಯಾಕೆಂದರೆ ಅದೇ ದಿನ ಕಾಕಾ ಮೊದಲ ಸಲ ಫ್ರಿಜ್ಜನ್ನೂ ಬಂದ್ ಮಾಡಿದ್ದರಂತೆ.

“ನಮ್ಮ ಫ್ರಿಜ್ ಇಷ್ಟ ಪಾಪ ಮಾಡಾಕತ್ತಿತ್ತಂತ ಖರೇನ ಗೊತ್ತಿರ್ಲಿಲ್ರಿ ಸಾಹೇಬ್ರ,” ಎಂದು ಅವರೇ ತಪ್ಪೊಪ್ಪಿಕೊಂಡರು. ಅಂದಿನಿಂದ ದೀಪದ ಜೊತೆ ಫ್ರಿಜ್ಜೂ ಬಂದ್. ಕೆಲವು ಸಲ ಮತ್ತೆ ಹಚ್ಚುವುದನ್ನು ಮರೆಯುತ್ತಿದ್ದರು, ಹಾಲು ಒಡೆಯುತ್ತಿತ್ತು. ಕಾಕು ಅದನ್ನೂ ಸಕ್ಕರೆ ಹಾಕಿ ಕಾಸಿ ನಮಗೆ ಒಂದು ಬಟ್ಟಲು ಕಳಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ. ಚಲೋ ಇರುತ್ತಿತ್ತು ಎನ್ನುವುದೇ ದೊಡ್ಡ ಶಿಕ್ಷೆ.

ದಿನಾ ಹೇಳಬೇಕು ಎಂದುಕೊಳ್ಳುತ್ತಿದ್ದೆ. ದಿನಾ ಏಳೂವರೆ ಆಗಿಬಿಡುತ್ತಿತ್ತು.

ಒಂದು ಸಂಜೆ ರೇಡಿಯೋ ನಡೆದಿದ್ದಾಗ ಕಾಕಾ ಮೇಲೆ ಬಂದರು. ಬಾಗಿಲಲ್ಲೇ ನಿಂತು ಕೈ ಜೋಡಿಸಿದರು.

“ಸಾಹೇಬ್ರ, ಶುಕ್ರವಾರ ಹುಡುಗೀನ್ನ ನೋಡಾಕ ರೋಣದಿಂದ ಬರಾವ್ರದಾರ. ಸಂಜಿ ಏಳಕ್ಕ ಬರ್ತಾರಂತ. ಅವತ್ತೊಂದಿನ ಲೈಟ್ ಹಚ್ಚಿದ್ರ ನಡೀತೈತೇನ್ರಿ?”

ತಮ್ಮ ಸ್ವಲ್ಪ ಯೋಚಿಸಿದ. “ಒಂದಿನ ಅಡ್ಡಿ ಇಲ್ಲ ಬಿಡ್ರಿ ಕಾಕಾ. ಫ್ರಿಜ್ ಒಂದ ಹಚ್ಚಬ್ಯಾಡ್ರಿ.”

“ಭಾಳ ಉಪಕಾರ ಆತ್ರಿ,” ಎಂದು ಅವರು ಗೋಡೆ ಹಿಡಿದುಕೊಂಡು ಕತ್ತಲಿನ ಮನೆಗೆ ಇಳಿದರು.

ಸ್ವಂತ ಮಗಳನ್ನು ಬೆಳಕಿನಲ್ಲಿ ತೋರಿಸಲು ಆ ಮನುಷ್ಯ ನಮ್ಮ ಅಪ್ಪಣೆ ಕೇಳಿದ್ದರು. ಇನ್ನು ಸುಮ್ಮನಿರಲು ಆಗಲಿಲ್ಲ. ಕಸಬರಿಗೆಯಿಂದ ಹಿಡಿದು ನೇಲ್ ಪಾಲಿಶಿನವರೆಗೆ ಎಲ್ಲ ಹೇಳಿದೆ.

ತಮ್ಮ ನಂಬಲಿಲ್ಲ. ಟಾರ್ಚ್ ತೆಗೆದುಕೊಂಡು ಸ್ಟೂಲು ಹತ್ತಿದ. ಎರಡು ಸಲ ಬೆರಳಾಡಿಸಿದ.

“ಎಲ್ಲೈತಿ ಗಂಟ? ಅಕ್ಕಾ, ಕಾಕಾರನ್ನ ಉಳಸಾಕ ಕತಿ ಕಟ್ಟಬ್ಯಾಡ. ಇಷ್ಟ ಸಣ್ಣ ತಂತಿ ಜೋಡಿಸಾಕ ಮೇಸ್ತ್ರಿ ಕೈಲೆ ಆಗೂದಿಲ್ಲ, ನಿನ್ನ ಕೈಲೆ ಆಗ್ತೈತೇನು?”

ಇಲ್ಲಿ ಒಂದು ಮಾತು ಬರೆದೇ ತೀರಬೇಕು. ಮುಂದೆ ನಾನು ಮಾಡಿದ್ದನ್ನು ಕಾಕು ಇವತ್ತಿಗೂ ಹೊಗಳುತ್ತಾಳೆ, ಎಂಥ ಖರೇ ಮನಸ್ಸು ಎನ್ನುತ್ತಾಳೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕಾಕುವೂ ಇರಲಿಲ್ಲ, ಅವಳ ಮಗಳೂ ಇರಲಿಲ್ಲ. ನಿನ್ನ ಕೈಲೆ ಆಗುತ್ತದೇನು ಎಂದನಲ್ಲ, ಅದೊಂದೇ ಇತ್ತು. ಕತ್ತರಿ ತಂದೆ. ಅವನನ್ನು ಇಳಿಸಿ ನಾನು ಹತ್ತಿದೆ. ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದೆ. ಮೊದಲ ಸಲಕ್ಕೇ ಸಿಕ್ಕಿತು.

“ಇದ ನೋಡು,” ಎಂದು ಅಲ್ಲಿಯೇ ಕತ್ತರಿಸಿದೆ.

ರೇಡಿಯೋದ ಹೆಂಗಸು ಮಾತಿನ ನಡುವೆಯೇ ಹೋಗಿಬಿಟ್ಟಳು. ಗುಂಯ್ ಎಂದಿತು. ತಮ್ಮ ನನ್ನ ಕೈಯಲ್ಲಿದ್ದ ತುದಿಯನ್ನೇ ನೋಡುತ್ತ ನಿಂತ. ಆಗ ಕೆಳಗಿನ ಕತ್ತಲಿನಿಂದ ಕಾಕಾ ಗಾಬರಿಯ ದನಿಯಲ್ಲಿ ಕೂಗಿದರು:

“ಸಾಹೇಬ್ರ, ರೇಡಿಯೋ ಬಂದ್ ಆತಲ್ರೀ. ನಾವೇನೂ ಹಚ್ಚಿಲ್ರಿ. ಬೇಕಾರ ಬಂದು ನೋಡ್ರಿ.”

ತಮ್ಮ ಚಪ್ಪಲಿ ಸಹ ಹಾಕಿಕೊಳ್ಳದೆ ಕೆಳಗೆ ಹೋದ. ಅಲ್ಲಿ ಏನು ಹೇಳಿದನೋ ಗೊತ್ತಿಲ್ಲ. ಆಮೇಲೆ ಕಾಕು ನಕ್ಕದ್ದು ಕೇಳಿಸಿತು, ಹಿಂದೆಯೇ ಕಾಕಾ. ಕೆಳಗಿನ ದೀಪಗಳು ಒಂದೊಂದಾಗಿ ಹತ್ತಿ ನಮ್ಮ ಬಾಲ್ಕನಿಯ ಮಾಡಿನವರೆಗೂ ಬೆಳಕು ಬಂತು. ನಾನು ಕತ್ತರಿ ಹಿಡಿದುಕೊಂಡು ಸ್ಟೂಲಿನ ಮೇಲೆಯೇ ನಿಂತಿದ್ದೆ.

ಶುಕ್ರವಾರ ರೋಣದವರು ಬಂದು, ಹುಡುಗಿಯನ್ನು ಬೆಳಕಿನಲ್ಲಿ ನೋಡಿ, ಫ್ರಿಜ್ಜಿನ ತಣ್ಣನೆಯ ಮಜ್ಜಿಗೆ ಕುಡಿದು ಹೋದರು.

ತಂತಿಯನ್ನು ಈ ಸಲ ತಮ್ಮನೇ ಜೋಡಿಸಿದ, ನನಗೆ ಮುಟ್ಟಗೊಡಲಿಲ್ಲ. ಗಂಟು ಕಡಲೆಕಾಳಿನಷ್ಟು ದಪ್ಪವಿದೆ, ಬೀದಿಯಿಂದಲೇ ಕಾಣುತ್ತದೆ. ರೇಡಿಯೋ ಚಲೋ ಕೇಳಿಸುತ್ತದೆ. ಬಾಲ್ಕನಿ ಗುಡಿಸುವಾಗ ಅದು ಕಣ್ಣಿಗೆ ಬಿದ್ದರೆ ಬಿಚ್ಚಿ ಹೊಸದಾಗಿ ಹೊಸೆಯೋಣ ಎಂದು ಬೆರಳುಗಳು ತುರಿಸುತ್ತವೆ. ಕಸಬರಿಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.