ನನ್ನ ತಮ್ಮನ ಕಿವಿಯಲ್ಲಿ ಫೇಬಿಯನ್

ನಾನು ಚಿಕ್ಕವನಿದ್ದಾಗ ನನ್ನ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಕ್ಕಳೇ. ಇಡೀ ಸವದತ್ತಿ ತಾಲೂಕಿನಲ್ಲಿ ಯಾರೂ ಇಟ್ಟಿರದ ಹೆಸರನ್ನು ನನ್ನ ಒಬ್ಬನೇ ಒಬ್ಬ ತಮ್ಮನ ಕಿವಿಯಲ್ಲಿ ಹೇಳಿದವನು ನಾನು. ಅದೂ ತೊಟ್ಟಿಲಿಗೆ ಹಾಕುವ ದಿನ, ಬಂಧುಬಳಗದ ಎದುರಿಗೆ. ಬೇಕೆಂದು ಹೇಳಿದ್ದಲ್ಲ. ಪಕ್ಕದಲ್ಲಿ ನಿಂತಿದ್ದ ನಾಲ್ವರು ಹುಡುಗಿಯರು ನಗಲಿ ಎಂದು ಹೇಳಿದೆ. ಅವರು ನಗಲೂ ಇಲ್ಲ.

ಆಗ ನನಗೆ ಒಂಬತ್ತು ವರ್ಷ. ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ನಮ್ಮ ಮನೆ. ಓದಿನಲ್ಲಿ ನಾನು ಹಿಂದೆ, ಓಟದಲ್ಲಿ ಇನ್ನೂ ಹಿಂದೆ, ಅಣಕಿಸುವುದರಲ್ಲಿ ಮಾತ್ರ ಊರಿಗೇ ಮುಂದೆ. ಬಸ್ಸಿನ ಕಂಡಕ್ಟರ್ ಮೂಗಿನಿಂದ ‘ಬೈಲಹೊಂಗಲಾ, ಕಿತ್ತೂರಾ’ ಎಂದು ಕೂಗುವುದು, ಮಾಸ್ತರರು ಸೀನು ಬರುವ ತನಕ ಸೀಮೆಸುಣ್ಣ ಎತ್ತಿ ಹಿಡಿದು ಕಾಯುವುದು, ಅಪ್ಪ ಎತ್ತಿಗೆ ಬೈಯುವಾಗ ಎತ್ತಿಗಿಂತ ಜೋರಾಗಿ ಬುಸುಗುಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ಸಲ ಅಕ್ಕ ಕನ್ನಡಿ ತಂದು ನನ್ನ ಮುಂದೆ ಹಿಡಿದು, “ಎಲ್ಲಾರನೂ ಮಾಡ್ತಿ, ಈಗ ನಿನ್ನ ಮಾಡು ನೋಡೋಣು” ಎಂದಳು. ಎಷ್ಟು ತಿಣುಕಿದರೂ ಬರಲಿಲ್ಲ. ಇಂಥ ಚೆಂದದ ಮುಖವನ್ನು ಅಣಕಿಸುವುದು ಕಷ್ಟ ಎಂದು ಹೇಳಿ ಓಡಿಹೋದೆ.

ಆ ವರ್ಷ ನಮ್ಮ ಪಡಸಾಲೆಯ ಪಕ್ಕದ ಕೋಣೆಗೆ ಒಬ್ಬ ಓವರ್‌ಸಿಯರ್ ಬಾಡಿಗೆಗೆ ಬಂದರು. ಗೋವೆಯ ಕಡೆಯವರು, ಕಾಲುವೆಯ ಕೆಲಸಕ್ಕೆ ಬಂದವರು. ಬೆಳಿಗ್ಗೆ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಹೊಲಗಳನ್ನು ಅಳೆಯಲು ಹೋದರೆ, ಸಂಜೆ ಬೂಟಿಗೆ ಎರಡು ಸೇರು ಕರಿಮಣ್ಣು ಮೆತ್ತಿಕೊಂಡು ಬರುತ್ತಿದ್ದರು. ಅವರು ಹಾದುಹೋದ ಮೇಲೂ ತಲೆಗೆ ಹಚ್ಚಿದ ಎಣ್ಣೆಯ ಘಮ ಬಾಗಿಲಲ್ಲಿ ನಿಂತಿರುತ್ತಿತ್ತು. ಅವರ ಹೆಸರು ಫೇಬಿಯನ್. ಊರವರು ಆ ಹೆಸರಿನ ಗೊಡವೆಗೇ ಹೋಗದೆ ‘ಸಾಹೇಬ್ರ’ ಎಂದು ಕರೆದು ಮುಗಿಸುತ್ತಿದ್ದರು. ನನಗೋ ಅದು ಹಬ್ಬ. ಅವರು ಟೋಪಿ ಎತ್ತಿ, ಗಂಟಲಿನಾಳದಿಂದ “ನಾನು ಫೇಏಏಬಿಯನ್ ರೀ” ಎನ್ನುವುದನ್ನು ಹಿತ್ತಿಲಲ್ಲಿ ಎಮ್ಮೆಯ ಎದುರು ನಿಂತು ಅಭ್ಯಾಸ ಮಾಡುತ್ತಿದ್ದೆ. ಎಮ್ಮೆ ಮೆಲುಕು ನಿಲ್ಲಿಸಿ ನೋಡುತ್ತಿತ್ತು. ಅದೇ ನನ್ನ ಬಹುಮಾನ.

ಅದೇ ವರ್ಷ ತಮ್ಮ ಹುಟ್ಟಿದ. ಅದರ ಹಿಂದಿನ ವರ್ಷ ನಮ್ಮ ಅಜ್ಜ ತೀರಿಕೊಂಡಿದ್ದರು. ಅಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ಅಜ್ಜನ ಮುದ್ದಿನ ಮಗಳು. ರಾಮದುರ್ಗಕ್ಕೆ ಮದುವೆಯಾಗಿ ಹೋದವಳು ಅಜ್ಜನ ಕೊನೆಯ ದಿನ ಬಂದು ಮುಟ್ಟಿರಲಿಲ್ಲ. ಆ ನೋವು ಅವಳೊಳಗೆ ಹಾಗೇ ಉಳಿದಿತ್ತು. ಕೂಸು ಗಂಡು ಎಂದು ಸುದ್ದಿ ಹೋದದ್ದೇ ತಡ, ‘ಅಪ್ಪನ ಹೆಸರು ನಾನೇ ಇಡತೇನಿ’ ಎಂದು ಹೇಳಿ ಕಳಿಸಿದಳು. ಬರುವಾಗ ಅಜ್ಜನ ಹಳೆಯ ರುಮಾಲಿನ ಬಟ್ಟೆ ಕತ್ತರಿಸಿ ಕೂಸಿನ ತಲೆಗೊಂದು ಕುಲಾಯಿ ಹೊಲಿದು ತಂದಿದ್ದಳು. ಅದನ್ನು ಅವ್ವನ ಕೈಗೆ ಕೊಡುವಾಗ ಮೂಗೇರಿಸಿ ಅತ್ತಳು. ಆ ಮೂಗೇರಿಸುವುದನ್ನೂ ನಾನು ಅಕ್ಕನ ಮುಂದೆ ಮಾಡಿ ತೋರಿಸಿದೆ. ಅಕ್ಕ ನನ್ನ ತೊಡೆ ಚಿವುಟಿದಳು. ಸರಿಯಾಗಿಯೇ ಚಿವುಟಿದಳು.

ತೊಟ್ಟಿಲ ದಿನ ಬೆಳಗಿನಿಂದಲೇ ದೊಡ್ಡ ಪಾತ್ರೆಯಲ್ಲಿ ಗುಗ್ಗರಿ ಕುದಿಯುತ್ತಿತ್ತು. ಗೋಧಿ, ಕಡಲೆ, ಬೆಲ್ಲ, ಮೇಲೆ ಕೊಬ್ಬರಿ ತುರಿ. ಬೆಂದ ಕಾಳಿನ ಬಿಸಿ ವಾಸನೆ ಹೊಸ ಸುಣ್ಣದ ವಾಸನೆಯೊಂದಿಗೆ ಸೇರಿ ಮನೆ ತುಂಬಿತ್ತು. ಗಿಳಿಗಳ ಚಿತ್ರ ಬರೆದ ಮರದ ತೊಟ್ಟಿಲನ್ನು ತೊಲೆಗೆ ಕಟ್ಟಿದ್ದರು. ನಮ್ಮಲ್ಲಿ ಹೆಸರಿಡುವ ಪದ್ಧತಿ ಹೀಗೆ: ಸೋದರತ್ತೆ ತೊಟ್ಟಿಲೊಳಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್‌ರ್‌ರ್’ ಎಂದು ಊದಿ ಹೆಸರು ಹೇಳಬೇಕು. ‘ಕುರ್’ ಕೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದು ಪ್ರೀತಿಯದೇ. ಆದರೂ ಹಳೆಯ ಸಿಟ್ಟು ಏನಾದರೂ ಇದ್ದರೆ ಅದೂ ಆ ಹೊತ್ತಿಗೆ ಹೊರಗೆ ಬರುತ್ತಿತ್ತು.

ಹೆಂಗಸರು ತೊಟ್ಟಿಲ ಸುತ್ತ ಸೆರಗು ಹಿಡಿದು ಮರೆ ಮಾಡಿ, ತಲೆ ತಗ್ಗಿಸಿ, ಕೈ ಎತ್ತಿಕೊಂಡು ಸಿದ್ಧವಾಗಿದ್ದರು. ಅತ್ತೆ ಮಾತ್ರ ಒಳಕೋಣೆಯಲ್ಲಿ ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. ನಾನು ಸೆರಗುಗಳ ಕೆಳಗೆ ನುಸುಳಿ ತೊಟ್ಟಿಲ ಹತ್ತಿರ ಬಂದೆ. ಪಕ್ಕದಲ್ಲಿ ಆ ನಾಲ್ವರು ಹುಡುಗಿಯರು. ಬಾಯಿ ತುರಿಸಿತು. ತೊಟ್ಟಿಲೊಳಗೆ ತಲೆ ಹಾಕಿ, ಇಲ್ಲದ ಟೋಪಿ ಎತ್ತಿ, “ಕುರ್‌ರ್‌ರ್... ಫೇಏಏಬಿಯನ್ ರೀ!” ಎಂದುಬಿಟ್ಟೆ.

ತಗ್ಗಿದ ತಲೆಗಳು ನೋಡಲಿಲ್ಲ. ಎತ್ತಿದ ಕೈಗಳು ಕಾಯಲಿಲ್ಲ. ‘ಕುರ್’ ಕೇಳಿದ್ದೇ ತಡ, ಹತ್ತು ಹದಿನೈದು ಮುಷ್ಟಿಗಳು ನನ್ನ ಬೆನ್ನಿನ ಮೇಲೆ ಇಳಿದವು. ಅತ್ತೆಯ ಅಗಲದ ಬೆನ್ನಿಗೆಂದು ತೂಗಿಟ್ಟ ಗುದ್ದುಗಳು ಅವು. ನಾನು “ಎವ್ವಾ” ಎಂದು ಚೀರಿದೆ. ಈ ಸಲ ಅದು ಯಾರ ಅಣಕವೂ ಆಗಿರಲಿಲ್ಲ. ತಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡಿ ಬಾಯಗಲಿಸಿದ.

ಸೆರಗುಗಳು ಸರಿದವು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಗುದ್ದಿದ ಕೈಗಳೆಲ್ಲ ಮೆಲ್ಲಗೆ ಸೆರಗಿನೊಳಗೆ ಸೇರಿದವು. ನೆರೆಮನೆಯ ಮುದುಕಿಯೊಬ್ಬಳು ಮಾತ್ರ, “ಕುರ್ ಅಂದಾತು, ಗುದ್ದೂ ಬಿದ್ದಾವು. ಇನ್ನ ಆ ಹೆಸರು ತಿರುಗೂದಿಲ್ಲವಾ” ಎಂದು ತೀರ್ಪು ಕೊಟ್ಟು ಗುಗ್ಗರಿಯ ಕಡೆ ನೋಡಿದಳು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಗೆ ಒರಗಿ ಕುಳಿತು, ಅವ್ವನ ಕೈಯಿಂದ ತಿರುಗಿ ತೆಗೆದುಕೊಂಡ ಕುಲಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಮೊದಲ ಸಲ, ಅವಳನ್ನು ಅಣಕಿಸುವ ಆಸೆ ನನಗೆ ಬರಲಿಲ್ಲ. ಅಪ್ಪ ನನ್ನ ಕಿವಿ ಹಿಡಿದು ಪಡಸಾಲೆಗೆ ಎಳೆದು ತಂದರು. ಗಲಾಟೆ ಕೇಳಿ ಓವರ್‌ಸಿಯರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಸಂಗತಿ ತಿಳಿದು ಅವರ ಮುಖ ಕೆಂಪಾಯಿತು. ಬಾಗಿಲಾಚೆಯೇ ನಿಂತು, ಟೋಪಿ ಎದೆಗೆ ಹಿಡಿದು, “ಅಕ್ಕಾರ, ಮಾಫ್ ಮಾಡ್ರಿ. ಆದ್ರ ನನ್ನ ಹೆಸರು ಕೆಟ್ಟದ್ದಲ್ಲರಿ” ಎಂದರು.

ಆಮೇಲೆ ಅವರು ಮೆಲ್ಲಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅದು ಲ್ಯಾಟಿನ್ ಎಂಬ ಹಳೆಯ ಭಾಷೆಯ ಹೆಸರಂತೆ. ನಮಗೆ ಸಂಸ್ಕೃತ ಹೇಗೋ, ಅವರ ಚರ್ಚಿನ ಪ್ರಾರ್ಥನೆಗೆ ಲ್ಯಾಟಿನ್ ಹಾಗೆ. ಆ ಭಾಷೆಯಲ್ಲಿ ಅವರೆಯಂಥ ಒಂದು ಕಾಳಿಗೆ ‘ಫಾಬಾ’ ಎನ್ನುತ್ತಾರೆ. ಆ ಕಾಳು ಬೆಳೆಯುತ್ತಿದ್ದ ರೋಮಿನ ಒಂದು ಮನೆತನಕ್ಕೆ ಅದರಿಂದಲೇ ಹೆಸರು ಬಂತಂತೆ. ಆ ಮನೆತನದ ಒಬ್ಬ ಸೇನಾಪತಿ ಶತ್ರುವಿನ ಎದುರಿಗೇ ಹೋಗದೆ, ಇಂದು ನಾಳೆ ಎನ್ನುತ್ತ ತಡ ಮಾಡಿ ಮಾಡಿಯೇ ಅವನನ್ನು ದಣಿಸಿದನಂತೆ. ಮುಂದೆ ಅದೇ ಹೆಸರಿನವನೊಬ್ಬ ಹಳ್ಳಿಯಿಂದ ರೋಮಿಗೆ ಬಂದಾಗ, ಅಲ್ಲಿನ ಕ್ರೈಸ್ತರು ತಮ್ಮ ಹಿರಿಯ ಗುರುವನ್ನು, ಅಂದರೆ ಪೋಪನನ್ನು, ಆರಿಸುತ್ತಿದ್ದರಂತೆ. ಎಲ್ಲಿಂದಲೋ ಒಂದು ಪಾರಿವಾಳ ಬಂದು ಅವನ ತಲೆಯ ಮೇಲೆ ಕುಳಿತಿತು. ಜನ ಅವನನ್ನೇ ಗುರು ಮಾಡಿದರು. ಆ ಸಂತನ ಹಬ್ಬದ ದಿನ ಹುಟ್ಟಿದ್ದಕ್ಕೆ ಇವರಿಗೂ ಅದೇ ಹೆಸರು.

ಪಾರಿವಾಳದ ಮಾತಿಗೆ ಹೆಂಗಸರು “ಅಯ್ಯ, ಚಲೋ ಐತಲ್ಲ” ಎಂದರು. ಅತ್ತೆ ಕರಗಲಿಲ್ಲ.

“ಕಾಳಿಗೆ ಈ ಮನ್ಯಾಗ ಏನ್ ಕಡಿಮಿ ಐತ್ರಿ, ಸಾಹೇಬ್ರ? ನನಗ ಬೇಕಾಗಿದ್ದು ನಮ್ಮಪ್ಪ” ಎಂದಳು. ಅಪ್ಪನ ಕಡೆ ತಿರುಗಿ, “ಅಣ್ಣಾ, ಅಪ್ಪನ ಹೆಸರು ತೊಟ್ಟಿಲಾಗ ಬೀಳಲಿಲ್ಲಂದ್ರ ಒಂದ್ ಕಾಳು ಗುಗ್ಗರಿ ಮುಟ್ಟೂದಿಲ್ಲ. ರಾಮದುರ್ಗದ ಗಾಡಿ ಹತ್ತತೇನಿ” ಎಂದಳು. ತವರಿನ ತೊಟ್ಟಿಲಿನಿಂದ ಮಗಳು ಹಸಿದು ಹೋಗುವುದೆಂದರೆ ಆಗ ಸಣ್ಣ ಮಾತಲ್ಲ. ಅಪ್ಪ ಬೆವರಿದರು. ಒಂದು ಕಡೆ ಬಿದ್ದ ಗುದ್ದು, ಇನ್ನೊಂದು ಕಡೆ ತಂಗಿಯ ಕಣ್ಣೀರು. ಕೊನೆಗೆ ಎಲ್ಲರೂ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ, ಅಪ್ಪನನ್ನೂ ಅತ್ತೆಯನ್ನೂ ಹೆತ್ತ ಅಜ್ಜಿಯ ಮುಖ ನೋಡಿದರು.

ಅವಳು ಏನೆಂದಳು ಎಂದು ಹೇಳುವ ಮೊದಲು, ಆ ಸೇನಾಪತಿಯ ಹಾಗೆ ನಾನೂ ಒಂದಿಷ್ಟು ತಡ ಮಾಡುತ್ತೇನೆ. ಮೊನ್ನೆ ನೀವು ಮಕ್ಕಳೆಲ್ಲ ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಮನೆಗೆ ಬಂದ ಹೊಸ ಪಾಪುವಿಗಾಗಿ ಮೊಬೈಲಿನಲ್ಲಿ ಹೆಸರು ಹುಡುಕುತ್ತಿದ್ದಿರಿ. ನಾನು ಹೇಳಿದೆನೆಂದು ಫೇಬಿಯನ್ನನ್ನೂ ಒತ್ತಿದಿರಿ. ಅದೇ ಕಾಳಿನ ಅರ್ಥ ಬಂತು. ಜರ್ಮನಿಯಂಥ ದೇಶಗಳಲ್ಲಿ ಒಂದು ಕಾಲಕ್ಕೆ ಬಹಳ ಮಕ್ಕಳಿಗೆ ಇಟ್ಟ ಹೆಸರು, ನಮ್ಮ ಕಡೆ ತೀರ ಅಪರೂಪ ಎಂದು ಓದಿ ಹೇಳಿದಿರಿ. ನಿಮಗೆ ಹೆಸರು ಅಪರೂಪ ಇದ್ದಷ್ಟೂ ಚೆಂದ. ನಮಗೆ ಹೆಸರೆಂದರೆ ಹೋದವರು ಮನೆಗೆ ತಿರುಗಿ ಬರುವ ದಾರಿ. ಇನ್ನೊಂದು ಮಾತು. ನಿಮ್ಮ ಅಮ್ಮ ಅಡುಗೆಮನೆಯಿಂದಲೇ ನಿಮ್ಮ ಅಪ್ಪನನ್ನು ಹೆಸರು ಹಿಡಿದು ಕೂಗುತ್ತಾಳೆ, ಅವಸರವಿದ್ದರೆ ಅರ್ಧ ಹೆಸರಿನಲ್ಲೇ ಮುಗಿಸುತ್ತಾಳೆ. ಕೇಳಲು ನನಗೆ ಖುಷಿ. ಆಗ ಹೆಂಡತಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವಂತೆಯೇ ಇರಲಿಲ್ಲ. ಅದೇ ಹೆಸರು ಮೊಮ್ಮಗನಿಗೆ ಬಂದರೆ ಆ ಮೊಮ್ಮಗನನ್ನೂ ಹೆಸರಿನಿಂದ ಕರೆಯುವಂತಿರಲಿಲ್ಲ.

ಅತ್ತೆ ಅಜ್ಜಿಯ ಮುಂದೆ ಕುಲಾಯಿ ಹಿಡಿದು, “ಯವ್ವಾ, ನೀನರ ಹೇಳು. ಅಪ್ಪನ ಹೆಸರು ಇಡೂದೋ, ಬ್ಯಾಡೋ?” ಎಂದಳು.

ಅಜ್ಜಿ ಎಲೆಯ ರಸ ನುಂಗಿ, ಕುಲಾಯಿಯನ್ನು ಕೈಗೆ ತೆಗೆದುಕೊಂಡು, ಒಮ್ಮೆ ನೇವರಿಸಿ, ಎದ್ದು ಹೋಗಿ ತಮ್ಮನ ತಲೆಗೆ ಹಾಕಿದಳು. ಆಮೇಲೆ ಮಗಳ ಕಡೆ ತಿರುಗಿದಳು.

“ಇಡವಾ, ನಿಮ್ಮಪ್ಪನ ಹೆಸರನ್ನ ಸಾಲ್ಯಾಗ ಬರಸು, ದೇವರ ಮುಂದ ಹೇಳು, ನೀನೂ ಬಾಯಿ ತುಂಬ ಕರಿ. ಆದ್ರ ಈ ಕೂಸು ದಿನಾ ನನ್ನ ತೊಡಿ ಮ್ಯಾಲ ಬೆಳಿಯೂದು, ನಾ ಏನಂತ ಕರೀಲಿ? ಫೇಬ್ಯಾ ಅನ್ನೋ ಹೆಸರಿನ ಗಂಡ ನನಗ ಯಾವ ಜನ್ಮದಾಗೂ ಇರಲಿಲ್ಲ, ನಾ ಅದನ್ನ ಕರೀತೇನಿ!”